ಗೆಳೆಯನಿಗೊಂದು ಪತ್ರ: ಮಳೆಯ ವರ ಕೇಳುವ ಬಗೆ

ಮಡಿಕೇರಿ

ಪ್ರೀತಿಯ ಗೆಳೆಯ,

ನಿನ್ನ ನಾಟಕದ ಕಾಫಿ ಬೆಳೆಗಾರನಿಗೆ ಯಕ್ಷ ಒಂದೇ ಒಂದು ವರ ಕೊಡುತ್ತಾನೆ, ಅವನು ‘ಮಳೆ ಬರಲಿ’ ಅನ್ನುತ್ತಾನೆ ಎಂದು ಬರೆದಿದ್ದೀಯ. ದಯವಿಟ್ಟು ಆ ಸಾಲು ಬದಲಿಸು. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿಗೆ ಬಂದದ್ದೂ ಮಳೆಯೇ. ಗುಡ್ಡ ಜಾರಿ ತೋಟ, ಮನೆ ಎಲ್ಲ ಹೋಯಿತು. ನಮ್ಮ ಮಳೆದೇವರು ಇಗ್ಗುತ್ತಪ್ಪನಿಗೆ ಕೈಮುಗಿದು ಕೇಳುವಾಗ ಪದ ತೂಗಬೇಕಿಲ್ಲ, ದೇವರಿಗೆ ಮನಸ್ಸು ಗೊತ್ತು. ನಿನ್ನ ಯಕ್ಷನೋ ಬಾಯಿಂದ ಬಿದ್ದ ಮಾತಷ್ಟನ್ನೇ ನಡೆಸುವವನು. ಅವನೆದುರು ಕ್ರಯಪತ್ರ ಬರೆಸುವಷ್ಟು ಎಚ್ಚರ ಬೇಕು.

ರೊಬಸ್ಟಾ ಜಾತಿಯ ಕಾಫಿಗೆ ಹೂಮಳೆ, ಅಂದರೆ ಮೊಗ್ಗು ಬಿರಿಸುವ ಮಳೆ, ಒಂದು ಇಂಚಾದರೂ ಬೀಳಬೇಕು. ಹತ್ತಿಪ್ಪತ್ತು ಸೆಂಟ್ (ನೂರು ಸೆಂಟ್‌ಗೆ ಒಂದು ಇಂಚು) ಹನಿಸಿ ನಿಂತರೆ ಮೊಗ್ಗು ಅರೆಬರೆ ಬಿರಿದು ಕೆಡುತ್ತದೆ. ಮಳೆಯಾಗಿ ಎಂಟು-ಹತ್ತು ದಿನಕ್ಕೆ ಹೂ ಅರಳುತ್ತದೆ. ಅರಳಿದ ದಿನವೇ ಮತ್ತೆ ಸುರಿದರೆ ಪರಾಗ ತೊಳೆದುಹೋಯಿತು. ರೊಬಸ್ಟಾ ಬೇರೆ ಗಿಡದ ಪರಾಗವನ್ನು ನಂಬಿದ್ದು, ಕಾಯಿ ಕಚ್ಚುವುದಿಲ್ಲ. ಆಮೇಲೆ ಎರಡು-ಮೂರು ವಾರದಲ್ಲಿ ಕಾಯಿ ನಿಲ್ಲಿಸುವ ಎರಡನೇ ಮಳೆ, ಅಂದರೆ ಬ್ಯಾಕಿಂಗ್ ಮಳೆ, ಸಿಗದಿದ್ದರೆ ಕಚ್ಚಿದ್ದೂ ಉದುರುತ್ತದೆ. ಕೊಯ್ಲು ಮುಗಿಯುವ ಮೊದಲೇ ಬಂದರೆ ಕಣದಲ್ಲಿ ಹರಡಿದ್ದೆಲ್ಲ ನೆನೆದು ಬೂಸ್ಟು ಹಿಡಿಯುತ್ತದೆ. ‘ಮಳೆ’ ಎಂದಾಗ ಇಷ್ಟೂ ಬೆಳೆಗಾರನ ತಲೆಯಲ್ಲಿರುತ್ತದೆ. ಯಕ್ಷನಿಗೆ ಕೇಳಿಸುವುದು ಎರಡಕ್ಷರ.

ಹಾಗಂತ ಬೇಡವಾದ್ದನ್ನೆಲ್ಲ ಪಟ್ಟಿ ಮಾಡಲು ಹೋಗಬೇಡ. ಹಿರಣ್ಯಕಶಿಪು ಮಾಡಿದ್ದು ಅದನ್ನೇ. ಹಗಲೂ ಬೇಡ, ರಾತ್ರಿಯೂ ಬೇಡ. ಒಳಗೂ ಬೇಡ, ಹೊರಗೂ ಬೇಡ ಎಂದ. ಎರಡೆರಡರ ನಡುವೆ ಮುಸ್ಸಂಜೆ ಉಳಿಯಿತು, ಹೊಸ್ತಿಲು ಉಳಿಯಿತು. ರಾವಣನದು ಇನ್ನೊಂದು ಬಗೆಯ ತಪ್ಪು: ದೇವ, ದಾನವ, ಯಕ್ಷರನ್ನೆಲ್ಲ ಹೆಸರಿಸಿ, ಮನುಷ್ಯ ಹುಲ್ಲಿಗೆ ಸಮ ಎಂದು ಕೈಬಿಟ್ಟ. ಪಟ್ಟಿ ಉದ್ದವಾದಷ್ಟೂ ಅದರಲ್ಲಿ ಇಲ್ಲದ್ದು ಎದ್ದು ಕಾಣುತ್ತದೆ.

ನನ್ನ ಪ್ರಕಾರ ವರ ಕೇಳುವುದನ್ನು ಸಾವಿತ್ರಿಯಿಂದ ಕಲಿಯಬೇಕು. ಸತ್ಯವಾನನ ಪ್ರಾಣ ಬಿಟ್ಟು ಬೇರೇನಾದರೂ ಕೇಳು ಎಂದ ಯಮನ ಬಳಿ ಅವಳು ಸತ್ಯವಾನನಿಂದಲೇ ನೂರು ಮಕ್ಕಳನ್ನು ಕೇಳಿದಳು. ಯಮ ಒಪ್ಪಿದ ಮೇಲೆ, ಗಂಡ ಬದುಕದೆ ಆ ಮಾತು ನಡೆಯುವಂತಿರಲಿಲ್ಲ. ಬೇಕಾದ್ದು ಆಗದ ಹೊರತು ಆಗಲಾರದಂಥ ಒಂದು ಕೊನೆಯನ್ನು ಕೇಳುವುದು, ನಡುವಿನದೆಲ್ಲ ಕೊಡುವವನ ಹೊಣೆ.

ಪದಗಳ ಬಗ್ಗೆಯೂ ಜೋಪಾನ. ನಮ್ಮಲ್ಲಿ ಗಿಡವೂ ಕಾಫಿ, ಬೀಜವೂ ಕಾಫಿ, ಲೋಟದಲ್ಲಿರುವುದೂ ಕಾಫಿ. ‘ಕಾಫಿ ಬೇಗ ಒಣಗಲಿ’ ಎಂದರೆ ಯಕ್ಷ ಗಿಡವನ್ನೇ ಒಣಗಿಸಿಯಾನು. ‘ಅಥವಾ’ ಬಂತೆಂದರೆ ಆಯ್ಕೆ ಅವನದು. ‘ಎಂದೆಂದೂ’ ಬೇಡವೇ ಬೇಡ. ಒತ್ತಕ್ಷರ ಕಡಿಮೆಯಿದ್ದಷ್ಟೂ ಒಳ್ಳೆಯದು. ಇಂದ್ರಾಸನ ಕೇಳಹೋದ ಕುಂಭಕರ್ಣನ ನಾಲಿಗೆ ನಿದ್ರಾಸನ ಅಂದಿತು ಎಂದು ಜನ ಹೇಳುವ ಕಥೆ ಗೊತ್ತಲ್ಲ. ಬರೆದು, ಎರಡು ಸಲ ಜೋರಾಗಿ ಓದಿ, ಆಮೇಲೆ ಬಾಯಿ ಬಿಡಬೇಕು.

ಬೆಳೆಗಾರನ ಬಾಯಲ್ಲಿ ಇದನ್ನು ಇಡು: ‘ಈ ತೋಟದಲ್ಲಿ ಈಗ ದುಡಿಯುತ್ತಿರುವವರೆಲ್ಲ, ಬರುವ ಜನವರಿಯಲ್ಲಿ, ಈಗಿರುವ ಇದೇ ಗಿಡಗಳಿಂದ ಹೊರುವಷ್ಟು ಹಣ್ಣು ಕೊಯ್ದು, ಸಂಜೆ ತಮ್ಮ ತಮ್ಮ ಮನೆಗೆ ನಡೆದು ಹೋಗುವಂತಾಗಲಿ, ಪಕ್ಕದ ತೋಟದವರಿಗೂ ಹಾಗೇ ಆಗಲಿ.’ ಇದು ನಡೆಯಬೇಕಾದರೆ ಮಳೆ ಹೊತ್ತಿಗೆ ಬರಬೇಕು, ಗುಡ್ಡ ನಿಲ್ಲಬೇಕು, ಮನೆಯೂ ದಾರಿಯೂ ಉಳಿಯಬೇಕು. ಕೊನೆಯ ತುಂಡನ್ನು ಮಾತ್ರ ಕತ್ತರಿಸಬೇಡ, ಇಲ್ಲದಿದ್ದರೆ ಯಕ್ಷ ಪಕ್ಕದವರ ಪಾಲಿನ ಮಳೆಯನ್ನೇ ತಂದು ಇಲ್ಲಿ ಸುರಿಸಬಹುದು.

ಈಗ ಮತ್ತೆ ಓದುವಾಗ ಕಂಡಿತು, ‘ಹೊರುವಷ್ಟು’ ಎಂದರೆ ಯಾರು ಹೊರುವಷ್ಟು? ‘ಕೊಂಬೆ ಮುರಿಯದಷ್ಟು’ ಎಂದು ತಿದ್ದಿಕೋ.

ಇಂತಿ,
ನಿನ್ನ ಗೆಳೆಯ