ಜೇಬಿನಲ್ಲಿ ಏನೂ ಇಲ್ಲದವರ ಜಾಡು: ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರಗಳು.

ಖಾಸಗಿತನದ ಮಾತು ಸದನದಲ್ಲಿ ಬಂದಾಗಲೆಲ್ಲ ಮೊಬೈಲ್, ಕ್ಯಾಮೆರಾ, ಆ್ಯಪ್ ಈ ಮೂರರ ಸುತ್ತಲೇ ಚರ್ಚೆ ನಡೆಯುತ್ತದೆ. ಈ ಮೂರೂ ಇಲ್ಲದ ಕೋಣೆಯಲ್ಲಿ ಒಬ್ಬ ಮನುಷ್ಯ ನಡೆಯುತ್ತಿದ್ದಾನೋ ಮಲಗಿದ್ದಾನೋ ಎಂಬುದನ್ನು ಪಕ್ಕದ ಗೋಡೆಯಾಚೆಯಿಂದ ತಿಳಿಯುವ ವಿದ್ಯೆ ಈಗ ಕೈಗೆಟಕಿದೆ. ಅದರ ಬಗ್ಗೆ ತಮ್ಮ ಗಮನ ಸೆಳೆಯಲು ಈ ಪತ್ರ.

ನಾನು ಕಟ್ಟಡಗಳಲ್ಲಿ ವೈಫೈ ಜಾಲ ಅಳವಡಿಸುವ ಕೆಲಸ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ಗೋಡೆಯ ಆಚೆಗೊಂದು ಈಚೆಗೊಂದು ಸಾಧನವಿಟ್ಟು, ಅವುಗಳ ನಡುವಿನ ಸಿಗ್ನಲ್ ಹೇಗೆ ಬದಲಾಗುತ್ತದೆ ಎಂಬುದನ್ನು ಲ್ಯಾಪ್‌ಟಾಪ್‌ನಲ್ಲಿ ನೋಡುತ್ತಿದ್ದೆ. ಖಾಲಿ ಕೋಣೆಯಲ್ಲಿ ಗೆರೆ ಹೆಚ್ಚುಕಡಿಮೆ ನೇರವಾಗಿತ್ತು. ಸಹೋದ್ಯೋಗಿ ಆಚೆಯ ಕೋಣೆಗೆ ಹೋದ ಕೂಡಲೇ ಅದು ಅಲ್ಲೋಲಕಲ್ಲೋಲವಾಯಿತು. ಅವರು ಕುರ್ಚಿಯಲ್ಲಿ ಕುಳಿತ ಮೇಲೂ ಗೆರೆ ಪೂರ್ತಿ ಸುಮ್ಮನಾಗಲಿಲ್ಲ. ನಾಲ್ಕೈದು ಸೆಕೆಂಡಿಗೊಮ್ಮೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ಅದು ಅವರ ಉಸಿರಾಟ ಎಂದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅವರ ಫೋನ್ ನನ್ನ ಮೇಜಿನ ಮೇಲಿತ್ತು.

ಇದರಲ್ಲಿ ಮಾಟವೇನೂ ಇಲ್ಲ. 2.4 ಗಿಗಾಹರ್ಟ್ಸ್ ವೈಫೈ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, 5 ಗಿಗಾಹರ್ಟ್ಸ್‌ನದು ಸುಮಾರು 6. ಈ ಅಲೆಗಳು ಗೋಡೆ, ಮೇಜು, ಮೈ ಎಲ್ಲಕ್ಕೂ ಬಡಿದು ಹತ್ತಾರು ದಾರಿಗಳಲ್ಲಿ ಬಂದು ಸೇರುತ್ತವೆ. ಕಳುಹಿಸಿದ ಮಾಹಿತಿಯನ್ನು ಸರಿಯಾಗಿ ಓದಬೇಕಾದರೆ, ದಾರಿಯಲ್ಲಿ ಅಲೆ ಎಷ್ಟು ಕುಗ್ಗಿತು, ಎಷ್ಟು ತಡವಾಯಿತು ಎಂಬುದನ್ನು ಪಡೆಯುವ ಸಾಧನ ಅಳೆಯಲೇಬೇಕು. ಆ ಅಳತೆ ಸಂಪರ್ಕಕ್ಕಾಗಿಯೇ ಇರುವಂಥದ್ದು. ಆದರೆ ಎದೆ ಕೆಲವು ಮಿಲಿಮೀಟರ್ ಉಬ್ಬಿದರೂ ಅದರ ಗುರುತು ಅಲ್ಲಿ ಬೀಳುತ್ತದೆ. ನನ್ನಂಥವರು ಅಡಚಣೆಯೆಂದು ಸರಿಪಡಿಸಿ ಬಿಸಾಡುವ ಏರಿಳಿತವೇ ಇನ್ನೊಬ್ಬರಿಗೆ ಸುದ್ದಿ.

ವಿದ್ಯೆ ಹಳೆಯದು. 1935ರ ಫೆಬ್ರುವರಿ 26ರಂದು ಇಂಗ್ಲೆಂಡಿನ ಡ್ಯಾವೆಂಟ್ರಿಯ ಬಳಿ ಬ್ರಿಟಿಷ್ ವಿಜ್ಞಾನಿಗಳಾದ ರಾಬರ್ಟ್ ವಾಟ್ಸನ್ ವಾಟ್ ಮತ್ತು ಆರ್ನಾಲ್ಡ್ ವಿಲ್ಕಿನ್ಸ್ ವಿಮಾನವೊಂದನ್ನು ಪತ್ತೆ ಹಚ್ಚಿದಾಗ ಅದಕ್ಕೆಂದು ಬೇರೆ ಪ್ರಸಾರ ಯಂತ್ರ ಕಟ್ಟಿರಲಿಲ್ಲ. ಬಿಬಿಸಿ ರೇಡಿಯೊ ಕೇಂದ್ರದ ಅಲೆಗಳೇ ವಿಮಾನಕ್ಕೆ ಬಡಿದು ಮರಳಿ ಬಂದವು. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಬ್ರಿಟಿಷರ ರೇಡಾರ್ ಅಲೆಗಳ ಮಾರ್ದನಿಯನ್ನೇ ಕದ್ದು ಕೇಳಿ ವಿಮಾನಗಳ ಜಾಡು ಹಿಡಿದರು. ತಾನು ಯಾವ ಅಲೆಯನ್ನೂ ಹೊರಡಿಸದೆ ಬರೀ ಕೇಳಿಸಿಕೊಳ್ಳುವವನು ಯಾರ ಕಣ್ಣಿಗೂ ಬೀಳುವುದಿಲ್ಲ. ಅಂದು ಸೇನೆಗೆ ಬೇಕಾಗಿದ್ದ ಆ ಗುಣವೇ ಇಂದು ಮನೆಯೊಳಗೆ ನನ್ನನ್ನು ಕಾಡುತ್ತಿದೆ.

2013ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ (ಎಂಐಟಿ) ಸಂಶೋಧಕರು ಗೋಡೆಯಾಚೆಯ ಚಲನೆಯನ್ನು ವೈಫೈ ಅಲೆಗಳಿಂದ ಗುರುತಿಸಿ ತೋರಿಸಿದರು. 2020ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದವರು ಪ್ರಕಟಿಸಿದ ಕೆಲಸ ಇನ್ನೂ ಹತ್ತಿರಕ್ಕೆ ಬಂತು: ಮನೆಯ ಜಾಲದ ಪಾಸ್‌ವರ್ಡ್ ಗೊತ್ತಿಲ್ಲದ ಒಬ್ಬ, ಹೊರಗೆ ನಿಂತು ಸಾಧಾರಣ ಫೋನಿನಿಂದ ಆ ಮನೆಯ ವೈಫೈ ಸಿಗ್ನಲ್‌ಗಳನ್ನು ಆಲಿಸಿ, ಒಳಗೆ ಯಾವ ಕೋಣೆಯಲ್ಲಿ ಜನರ ಓಡಾಟವಿದೆ ಎಂದು ಊಹಿಸಬಲ್ಲ. 2025ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ತಂತ್ರಜ್ಞಾನ ಸಂಸ್ಥೆಯವರು 197 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ, ಸಾಧನಗಳು ರೌಟರ್‌ಗೆ, ಅಂದರೆ ವೈಫೈ ಹಂಚುವ ಪೆಟ್ಟಿಗೆಗೆ, ಮೇಲೆ ಹೇಳಿದ ಅಳತೆಯನ್ನು ತಿಳಿಸಲು ಗೂಢಲಿಪಿಯ ರಕ್ಷಣೆಯಿಲ್ಲದೆ ಕಳುಹಿಸುವ ಮಾಪನ ಸಂದೇಶಗಳಿಂದಲೇ ಆ ಜನರನ್ನು ಬಹುತೇಕ ತಪ್ಪಿಲ್ಲದೆ ಗುರುತಿಸಿದರು.

ಪ್ರಯೋಗಾಲಯದ ಈ ಫಲಿತಾಂಶಗಳು ಎಲ್ಲ ಮನೆಗಳಲ್ಲೂ ಹಾಗೆಯೇ ಉಳಿಯುವುದಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಕಪಾಟು ಸರಿಸಿದರೆ, ನಾಲ್ಕು ಜನ ಒಟ್ಟಿಗೆ ಓಡಾಡಿದರೆ ಲೆಕ್ಕ ತಪ್ಪುತ್ತದೆ. ಆದರೆ ಕಳ್ಳನಿಗೆ ಮುಖದ ಗುರುತು ಬೇಕಿಲ್ಲ, ಮನೆಯಲ್ಲಿ ಯಾರೂ ಇಲ್ಲ ಎಂದಷ್ಟು ಗೊತ್ತಾದರೆ ಸಾಕು. ಹೆಂಡತಿಯನ್ನು ಹೆದರಿಸಿ ಹತೋಟಿಯಲ್ಲಿಡುವ ಗಂಡನಿಗೆ ಅವಳು ಎಷ್ಟು ಹೊತ್ತಿಗೆ ಬಾಗಿಲು ದಾಟಿದಳು ಎಂಬುದಷ್ಟೇ ಸಾಕು.

ಇದನ್ನು ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ಕ್ಯಾಮೆರಾ ಇಡಲಾಗದ ಸ್ನಾನದ ಮನೆಯಲ್ಲಿ ವೃದ್ಧರೊಬ್ಬರು ಜಾರಿ ಬಿದ್ದರೆ ಮನೆಯವರಿಗೆ ತಿಳಿಸುವ ದಾರಿ ಇದು. ಮೈಗೆ ತಂತಿ ಅಂಟಿಸದೆ ರೋಗಿಯ ಉಸಿರಾಟ ಎಣಿಸಬಹುದು. ಇಂಥ ಉಪಯೋಗಕ್ಕಾಗಿ ರಾತ್ರಿಯೆಲ್ಲ ದುಡಿಯಲು ನಾನು ಸಿದ್ಧ. ನನ್ನ ತಕರಾರು ಒಪ್ಪಿಗೆಯ ವಿಷಯದಲ್ಲಿ. ರೌಟರ್ ಕೊಂಡವರು ಒಮ್ಮೆ ಒಪ್ಪಿಗೆಯ ಗುಂಡಿ ಒತ್ತಿರುತ್ತಾರೆ. ಅತಿಥಿ, ಬಾಡಿಗೆದಾರ, ಮನೆಕೆಲಸಕ್ಕೆ ಬರುವವರು, ಗೋಡೆಯಾಚೆ ಮಲಗಿರುವ ನೆರೆಯ ಮಗು, ಇವರನ್ನು ಯಾರು ಕೇಳಿದರು? ಫೋನ್ ಆದರೆ ಆರಿಸಿ ಇಡಬಹುದು, ಮನೆಯಲ್ಲೇ ಬಿಟ್ಟು ಹೋಗಬಹುದು. ಮೈಯನ್ನು ಬಿಟ್ಟು ಹೋಗುವುದು ಹೇಗೆ?

ಕಾನೂನು ಎಲ್ಲಿ ಸೋಲಬಹುದು ಎಂಬುದಕ್ಕೆ ಅಮೆರಿಕದ ಒಂದು ತೀರ್ಪು ನೆನಪಾಗುತ್ತದೆ. 2001ರ ಕೈಲೊ ಪ್ರಕರಣದಲ್ಲಿ, ಪೊಲೀಸರು ವಾರಂಟ್ ಇಲ್ಲದೆ ಶಾಖ ಗ್ರಹಿಸುವ ಉಪಕರಣದಿಂದ ಮನೆಯೊಂದನ್ನು ಹೊರಗಿನಿಂದಲೇ ಪರೀಕ್ಷಿಸಿದ್ದರು. ಅದೂ ಮನೆ ಶೋಧಿಸಿದಂತೆಯೇ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಹೇಳಿತು. ಒಳ್ಳೆಯ ತೀರ್ಪು. ಆದರೆ ಆ ರಕ್ಷಣೆಯನ್ನು ಅದು ಜನಸಾಮಾನ್ಯರ ಬಳಕೆಯಲ್ಲಿ ಇಲ್ಲದ ಉಪಕರಣಗಳಿಗೆ ಗಂಟು ಹಾಕಿತು. ವೈಫೈ ಜನಸಾಮಾನ್ಯರ ಬಳಕೆಗೆ ಬಂದಿರುವ ಈ ದಿನಗಳಲ್ಲಿ ಆ ಗಂಟು ಎಷ್ಟು ದಿನ ನಿಂತೀತು? ನಾವು ಬರೆಯುವ ಕಾನೂನಿನಲ್ಲಿ ಉಪಕರಣ ಅಪರೂಪವೋ ಸಾಮಾನ್ಯವೋ ಎಂಬುದು ಮಾನದಂಡವಾಗಬಾರದು. ಮೈಯಿಂದ ಏನು ತಿಳಿದುಬಂತು ಎಂಬುದಷ್ಟೇ ಮಾನದಂಡವಾಗಲಿ. ಇರವು, ಚಲನೆ, ಉಸಿರು, ನಡಿಗೆ, ಇವನ್ನು ರೇಡಿಯೊ ಅಲೆಗಳಿಂದ ಪಡೆದಾಗ, ಹೆಸರು ಜೊತೆಗಿಲ್ಲದಿದ್ದರೂ, ಅದು ವೈಯಕ್ತಿಕ ಮಾಹಿತಿ ಎಂದು ಕಾನೂನು ಸ್ಪಷ್ಟವಾಗಿ ಹೇಳಬೇಕು. ನ್ಯಾಯಾಲಯದ ಆದೇಶವಿಲ್ಲದೆ ಅದು ಪೊಲೀಸರ ಕೈ ಸೇರಬಾರದು. ರೌಟರ್ ಮಾರುವಾಗ ಹೀಗೆ ಮೈಯ ಜಾಡು ಹಿಡಿಯುವ ಸೌಲಭ್ಯ ಅದರಲ್ಲಿದ್ದರೆ ಅದು ಆಫ್ ಆಗಿಯೇ ಇರಬೇಕು.

ಇನ್ನೊಂದು ಬೇಡಿಕೆ ನನ್ನ ಕಸುಬಿಗೆ ಸೇರಿದ್ದು. ಸಾಧನಗಳು ಬಯಲಿನಲ್ಲಿ ಕೂಗಿ ಹೇಳುವ ಆ ಮಾಪನ ಸಂದೇಶಗಳನ್ನು ಗೂಢಲಿಪಿಯಲ್ಲೇ ಕಳುಹಿಸಬೇಕೆಂದು ಮಾನದಂಡ ರೂಪಿಸುವ ಸಂಸ್ಥೆಗಳ ಮುಂದೆ ನಮ್ಮ ಸರ್ಕಾರ ಪಟ್ಟು ಹಿಡಿಯಬೇಕು. ಕಾಲ ಮೀರುತ್ತಿದೆ. ವೈಫೈಯನ್ನೇ ಸಂವೇದಕವಾಗಿ (ಸೆನ್ಸರ್) ಬಳಸುವ, ವೈಫೈ ಮಾನದಂಡಗಳನ್ನು ರೂಪಿಸುವ ಐಇಇಇ ಸಂಸ್ಥೆಯ 802.11ಬಿಎಫ್ ಮಾನದಂಡಕ್ಕೆ 2025ರಲ್ಲಿ ಒಪ್ಪಿಗೆ ಸಿಕ್ಕಿದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಮುಂದಿನ ಪೀಳಿಗೆಯ ಮೊಬೈಲ್ ಜಾಲವಾದ 6ಜಿಗಾಗಿ 2023ರಲ್ಲಿ ಸಿದ್ಧಪಡಿಸಿದ ಚೌಕಟ್ಟಿನಲ್ಲಿ ಸಂಪರ್ಕದ ಜೊತೆಗೆ ಸಂವೇದನೆಯೂ ಸೇರಿದೆ, ಅಂದರೆ ನಾಳೆ ಬೀದಿಯ ಮೊಬೈಲ್ ಗೋಪುರವೂ ಈ ಕೆಲಸ ಮಾಡಬಲ್ಲದು. ಕೋಟಿಗಟ್ಟಲೆ ಸಾಧನಗಳು ಗೋಡೆ ಏರಿದ ಮೇಲೆ ನಿಯಮ ತಂದರೆ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗುತ್ತದೆ.

ತಾವು ಸಂಸತ್ತಿನ ಸಂಬಂಧಪಟ್ಟ ಸಮಿತಿಯ ಮುಂದೆ ಅರ್ಧ ಗಂಟೆಯ ಸಮಯ ಕೊಡಿಸಿದರೆ ನಾನು ಎರಡು ಸಾಧಾರಣ ವೈಫೈ ಸಾಧನ, ಒಂದು ಲ್ಯಾಪ್‌ಟಾಪ್ ತೆಗೆದುಕೊಂಡು ಬರುತ್ತೇನೆ. ಸದಸ್ಯರೊಬ್ಬರು ಫೋನನ್ನು ಹೊರಗಿಟ್ಟು ಪಕ್ಕದ ಕೋಣೆಯಲ್ಲಿ ಸುಮ್ಮನೆ ಕುಳಿತುಕೊಳ್ಳಲಿ. ಉಳಿದವರು ಪರದೆಯ ಮೇಲಿನ ಗೆರೆಯನ್ನು ನೋಡಲಿ.

ಇಂತಿ ತಮ್ಮ ವಿಶ್ವಾಸಿ,
ತಮ್ಮ ಕ್ಷೇತ್ರದ ಒಬ್ಬ ಮತದಾರ