ಯಾವ ಮನ್ರೋ?

ಪ್ರೀತಿಯ ಗೆಳೆಯಾ,

ಮಂತ್ರಾಲಯಕ್ಕೆ ಹೋಗಿ ಬಂದು ಒಳ್ಳೇ ಪ್ರಶ್ನೆ ಕೇಳಿದ್ದೀಯ. ರಾಯರು ಬೃಂದಾವನದಿಂದ ಎದ್ದು ಬಂದು ಮಾತಾಡಿಸಿದರು ಅಂತ ಭಕ್ತರು ಹೇಳುವ ಮನ್ರೋ, ಹೈದರ್ ಅಲಿಗೆ ಹೆದರಿ ಓಡಿದ ಮನ್ರೋ ಇಬ್ಬರೂ ಒಬ್ಬನೇನಾ?

ಅಲ್ಲ ಮಾರಾಯ. ಮೊದಲನೆಯವನು ಥಾಮಸ್, ಎರಡನೆಯವನು ಹೆಕ್ಟರ್. ಇಬ್ಬರೂ ಸ್ಕಾಟ್ಲೆಂಡಿನವರು. 1780ರಲ್ಲಿ ಇಬ್ಬರೂ ಈಸ್ಟ್ ಇಂಡಿಯಾ ಕಂಪನಿಯ ಒಂದೇ ಸೈನ್ಯದಲ್ಲಿದ್ದರು, ಅದಕ್ಕೇ ಈ ಗೊಂದಲ. ಹೆಕ್ಟರ್ ಸೇನಾಪತಿ, 1764ರಲ್ಲಿ ಬಕ್ಸರ್ ಗೆದ್ದವನು. ಅವನು ಕಾಂಚೀಪುರದಲ್ಲಿದ್ದಾಗ, ಕೆಲವೇ ಮೈಲಿ ಆಚೆ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಕಂಪನಿಯ ಇನ್ನೊಬ್ಬ ಸೇನಾನಿ ಬೇಯ್ಲಿಯ ಪಡೆಯನ್ನು ಪುಡಿಗಟ್ಟಿದರು. ಹೆಕ್ಟರ್ ಭಾರದ ಫಿರಂಗಿಗಳನ್ನು ದೇವಸ್ಥಾನದ ಕೆರೆಗೆ ಹಾಕಿಸಿ ಮದರಾಸಿನ ದಾರಿ ಹಿಡಿದ. ಹಾಗೆ ಹಿಂದಿರುಗಿದವರಲ್ಲಿ 19 ವರ್ಷದ ಥಾಮಸ್ ಕೂಡ ಇದ್ದ.

ಅದೇ ಹೆಸರಿನವರು ಇನ್ನೂ ಇದ್ದಾರೆ. ಸಾಕಿ ಅನ್ನೋ ಹೆಸರಲ್ಲಿ ಕಥೆ ಬರೆದವನು ಹೆಕ್ಟರ್ ಹ್ಯೂ ಮನ್ರೋ, ಹುಟ್ಟಿದ್ದು ಬರ್ಮಾದಲ್ಲಿ. 1891ರಲ್ಲಿ ಹ್ಯೂ ಮನ್ರೋ ಸ್ಕಾಟ್ಲೆಂಡಿನ 3,000 ಅಡಿ ಮೀರಿದ ಬೆಟ್ಟಗಳ ಪಟ್ಟಿ ಮಾಡಿದ. ಅಲ್ಲೀಗ ಆ ಬೆಟ್ಟಗಳನ್ನೇ ‘ಮನ್ರೋ’ ಅಂತಾರೆ!

ನನಗೆ ಮಾತ್ರ ಥಾಮಸ್ ಮೇಲೇ ಜಾಸ್ತಿ ಅಕ್ಕರೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಅವನನ್ನು ಕರಾವಳಿಯ ಕನ್ನಡ ಜಿಲ್ಲೆಗೆ (ಈಗಿನ ಉತ್ತರ, ದಕ್ಷಿಣ ಕನ್ನಡದ ಕಡೆ) ಕಲೆಕ್ಟರ್ ಮಾಡಿ ಕಳಿಸಿದರು. ಅಲ್ಲಿ ಹೊಲಗದ್ದೆಗೆ ಒಡೆಯರಿದ್ದರು. ಅವರು ಅದನ್ನು ಮಾರಬಹುದಿತ್ತು, ಅಡ ಇಡಬಹುದಿತ್ತು. ಅದನ್ನು ಕಂಡು ಥಾಮಸ್ ಸರ್ಕಾರಕ್ಕೆ ಬರೆದ. 1800ರಿಂದ 1807ರವರೆಗೆ ನಿಮ್ಮ ಬಳ್ಳಾರಿ ಸೀಮೆಯಲ್ಲಿದ್ದ. ನಡುವೆ ಜಮೀನ್ದಾರ ಬೇಡ, ರೈತನ ಜೊತೆಗೇ ಲೆಕ್ಕ ಇಟ್ಟುಕೊಳ್ಳೋಣ ಅಂತ ಹೊಲಗಳನ್ನೆಲ್ಲ ಅಳೆಸಿದ. ಅವನ ಮೋಜಣಿಯವರ ಸರಪಳಿ 33 ಅಡಿ ಉದ್ದ. 33ಕ್ಕೆ 33 ಅಡಿ ಅಂದರೆ ನಮ್ಮ ಒಂದು ಗುಂಟೆ, 40 ಸೇರಿದರೆ ಎಕರೆ, ಅಲ್ವಾ?

ಕಂದಾಯ ಭಾರವಾಗಿತ್ತು, ಅದನ್ನು ಮುಚ್ಚಿಡಬಾರದು. ಆದರೆ ಹಾಕಿದವನೇ 1807ರಲ್ಲಿ ಶೇಕಡಾ 25ರಷ್ಟು ಇಳಿಸಿ ಅಂತ ಬರೆದ. ಮೇಲಿನವರು ಒಪ್ಪಲಿಲ್ಲ. ರೈತರ ಜೊತೆ ನೇರ ಲೆಕ್ಕವನ್ನೂ ಕೈಬಿಟ್ಟು ಊರೂರನ್ನೇ ಗುತ್ತಿಗೆಗೆ ಕೊಟ್ಟರು. 1820ರಲ್ಲಿ ಮದರಾಸಿನ ಗವರ್ನರ್ ಆಗಿ ಬಂದವನು ಆ ನೇರ ಲೆಕ್ಕದ ಪದ್ಧತಿಯನ್ನು, ಅಂದರೆ ರೈತವಾರಿಯನ್ನು, ಮತ್ತೆ ತಂದ. ತನ್ನ ದೇಶಕ್ಕೆ ಹೊರಡುವ ಮೊದಲು ಬಳ್ಳಾರಿ ಸೀಮೆಯ ಆ ಜಿಲ್ಲೆಗಳನ್ನು ಇನ್ನೊಮ್ಮೆ ನೋಡಲು ಹೋದ. 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ (ಈಗಿನ ಆಂಧ್ರದ ಕರ್ನೂಲು ಜಿಲ್ಲೆಯ ಊರು) ಕಾಲರಾ ಬಂದು ತೀರಿಕೊಂಡ. ಇಂಥವನನ್ನು ಬರೀ ಪವಾಡದ ಕಥೆಯಲ್ಲಿ ನೆನೆದರೆ ಸಾಲದು ಕಣೋ.

ನಿಮ್ಮ ತಾತನ ಪೆಟ್ಟಿಗೆಯಲ್ಲಿ ಹೊಲದ ಹಳೇ ಕಾಗದಗಳಿವೆ ಅಂದಿದ್ದೆಯಲ್ಲ, ಫೋಟೋ ತೆಗೆದು ಕಳಿಸು. ಕೂತು ಓದೋಣ.

ನಿನ್ನ ಗೆಳೆಯ