ಆ ಗಿಡದಿಂದ ಏನು ಉಪಯೋಗ?

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. "ಹೊರಗೆ ನಿಜವಾದ ಕಾಡು ಹೊತ್ತಿ ಉರಿಯುತ್ತಿದೆ. ನೀನು ಮಾತಾಡುವ ಮರಗಳ ಕಥೆ ಓದುತ್ತಾ ಕೂತಿದ್ದೀಯ. ಅದರಿಂದ ಏನು ಉಪಯೋಗ?" ಅಂದೆ. ನಿನ್ನ ದನಿಯಲ್ಲಿ ಕೊಂಕು ಇರಲಿಲ್ಲ. ತಿಳಿದುಕೊಳ್ಳಬೇಕು ಅಂತಲೇ ಕೇಳಿದ್ದೆ. ಅದಕ್ಕೇ ಮೂರು ದಿನದಿಂದ ಆ ಪ್ರಶ್ನೆ ತಲೆಯಲ್ಲೇ ಕೂತಿದೆ. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಬರೆದೇ ಹೇಳುತ್ತೇನೆ.

ಮೊದಲು ನನ್ನ ಕಿಟಕಿ ಮುಂದಿನ ಮರದ ವಿಷಯ. ನೀನು ಬಂದಾಗ ನೋಡಿದ್ದೀಯ, ನೆನಪಿರಲಿಕ್ಕಿಲ್ಲ. ಹೋದ ತಿಂಗಳು ರಸ್ತೆ ಅಗಲ ಮಾಡಬೇಕು ಅಂತ ಅದನ್ನು ಕಡಿದರು. ಬೆಳಿಗ್ಗೆ ಶುರು ಮಾಡಿದವರು ಮಧ್ಯಾಹ್ನಕ್ಕೆಲ್ಲ ಮುಗಿಸಿದ್ದರು. ಸಂಜೆ ಕೋಣೆಗೆ ಬಂದರೆ ಬೆಳಕೇ ಬೇರೆ. ಮೇಜು, ಗೋಡೆ, ಹಾಸಿಗೆ ಎಲ್ಲದರ ಮೇಲೂ ಒಂದೇ ಸಮ ಬಿಸಿಲು. ಇಷ್ಟು ವರ್ಷ ಆ ಗೋಡೆಯ ಮೇಲೆ ಎಲೆಗಳ ನೆರಳು ಆಡುತ್ತಿತ್ತು ಅನ್ನುವುದು ಅದು ಹೋದ ಮೇಲೆ ಗೊತ್ತಾಯಿತು. ಕೆಳಗಿಳಿದು ಬುಡದ ಹತ್ತಿರ ಹೋದೆ. ಕಡಿದ ಜಾಗ ಇನ್ನೂ ಒದ್ದೆ ಇತ್ತು, ಮುಟ್ಟಿದರೆ ಬೆರಳಿಗೆ ಅಂಟಿತು. ಅಲ್ಲಿ ನಿಂತಿದ್ದ ನಾಲ್ಕೈದು ಜನರನ್ನು ಇದು ಯಾವ ಮರ ಅಂತ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ ಕಣೋ. ದಿನಾ ಅದರ ನೆರಳಲ್ಲಿ ಕೂತು ಓದಿದವನು ನಾನು.

ಅವತ್ತು ರಾತ್ರಿ ನಿದ್ದೆ ಬರದೆ ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರ ಅರ್ಥ್‌ಸೀ ಕಥೆಗಳ ಮೊದಲ ಪುಸ್ತಕ ತೆಗೆದೆ. 1968ರಲ್ಲಿ ಬಂದದ್ದು. ಮಾಂತ್ರಿಕನಾಗಬೇಕು ಅಂತ ಹೊರಟ ಗೆಡ್ ಅನ್ನುವ ಹುಡುಗ ಓಗಿಯನ್ ಎಂಬ ಗುರುವಿನ ಹಿಂದೆ ನಡೆಯುತ್ತಿದ್ದಾನೆ. ದಿನಗಟ್ಟಲೆ ಬರೀ ನಡಿಗೆ. ಒಂದು ಮಂತ್ರವನ್ನೂ ಹೇಳಿಕೊಟ್ಟಿಲ್ಲ, ಹುಡುಗನಿಗೆ ಅಸಹನೆ. ದಾರಿ ಪಕ್ಕದ ಒಂದು ಸಣ್ಣ ಗಿಡ ತೋರಿಸಿ ಓಗಿಯನ್ ಇದು ಯಾವುದು ಅಂತ ಕೇಳುತ್ತಾನೆ. ಗೆಡ್‌ಗೆ ಗೊತ್ತಿಲ್ಲ. ಗುರು ಹೆಸರು ಹೇಳಿ ಸುಮ್ಮನೆ ನಿಲ್ಲುತ್ತಾನೆ. ಹುಡುಗ ಬಗ್ಗಿ ನೋಡುತ್ತಾನೆ, ಒಣಗಿದ ಒಂದು ಬೀಜದ ಕಾಯಿ ಕೀಳುತ್ತಾನೆ. ಆಮೇಲೆ ಕೇಳುತ್ತಾನೆ: ಇದರ ಉಪಯೋಗ ಏನು?

ನನಗೆ ತಿಳಿದಂತೆ ಏನೂ ಇಲ್ಲ, ಅನ್ನುತ್ತಾನೆ ಓಗಿಯನ್.

ಹುಡುಗ ಆ ಕಾಯಿಯನ್ನು ಸ್ವಲ್ಪ ದೂರ ಕೈಯಲ್ಲಿ ಹಿಡಿದುಕೊಂಡು ನಡೆದು, ಎಸೆದುಬಿಡುತ್ತಾನೆ. ಆಗ ಗುರು ಬಾಯಿ ಬಿಡುತ್ತಾನೆ. ಆ ಗಿಡವನ್ನು ಎಲ್ಲ ಕಾಲದಲ್ಲೂ ನೋಡಬೇಕು. ಅದರ ಬೇರು, ಎಲೆ, ಹೂವು, ವಾಸನೆ, ಬೀಜ ಎಲ್ಲ ಗೊತ್ತಾದ ಮೇಲೆ ಅದರ ನಿಜವಾದ ಹೆಸರು ಕಲಿಯಬಹುದು. ಅದರ ಇರವು ಅದರ ಉಪಯೋಗಕ್ಕಿಂತ ದೊಡ್ಡದು. ಅಷ್ಟಕ್ಕೂ ನಿನ್ನಿಂದ ಏನು ಉಪಯೋಗ? ನನ್ನಿಂದ ಏನು ಉಪಯೋಗ? ಹೀಗೆ ಕೇಳುತ್ತಾನೆ.

ಈ ಪುಟವನ್ನು ಮೊದಲೂ ಓದಿದ್ದೆ. ಆವತ್ತು ಓದಿದಾಗ ಗಂಟಲು ಕಟ್ಟಿತು. ನೀನು ಫೋನಿನಲ್ಲಿ ಕೇಳಿದ್ದೂ ಗೆಡ್ ಕೇಳಿದ್ದೂ ಒಂದೇ ಪ್ರಶ್ನೆ, ನೋಡು. ಮರ ಕಡಿದವರನ್ನು ಕೇಳಿದ್ದರೆ ಅವರೂ ಅದನ್ನೇ ಹೇಳುತ್ತಿದ್ದರೋ ಏನೋ. ರಸ್ತೆಯಿಂದ ಉಪಯೋಗ ಇದೆ, ಈ ಮರದಿಂದ ಏನಿದೆ? ಇದಕ್ಕೆ ನಾವು ಸಾಮಾನ್ಯವಾಗಿ ಕೊಡುವ ಉತ್ತರವೂ ಉಪಯೋಗದ ಪಟ್ಟಿಯೇ. ಮರ ನೆರಳು ಕೊಡುತ್ತದೆ, ಮಳೆ ತರುತ್ತದೆ, ಗಾಳಿ ಶುದ್ಧ ಮಾಡುತ್ತದೆ. ಎಲ್ಲ ನಿಜ, ಹೇಳಲೇಬೇಕಾದ್ದು ಕೂಡ. ಆದರೆ ಆ ಲೆಕ್ಕದಲ್ಲಿ ನಾಳೆ ಇನ್ನೇನೋ ಜಾಸ್ತಿ ಉಪಯೋಗದ್ದು ಬಂದರೆ ಮರ ಸೋಲುತ್ತದೆ, ಅಲ್ವಾ? ಈ ಲೆಕ್ಕದ ಆಚೆ ನಿಂತು ಮರವನ್ನು ನೋಡುವುದನ್ನು ನನಗೆ ಕಲಿಸಿದ್ದು ನೀನು ಹೇಳಿದ ಆ ಮಾತಾಡುವ ಮರಗಳ ಕಥೆಗಳೇ.

ಇಂಗ್ಲಿಷ್ ಲೇಖಕ ಟೋಲ್ಕಿನ್ ವಿಷಯಕ್ಕೆ ಬರುತ್ತೇನೆ. ಅವರ ದಿ ಲಾರ್ಡ್ ಆಫ್ ದಿ ರಿಂಗ್ಸ್ ಮೂರು ಸಂಪುಟಗಳಾಗಿ 1954 ಮತ್ತು 1955ರಲ್ಲಿ ಬಂತು. ನೀನು ಸಿನಿಮಾ ನೋಡಿದ್ದೀಯ, ಯುದ್ಧಗಳು ನೆನಪಿವೆ. ನನಗೆ ಆ ಪುಸ್ತಕದಲ್ಲಿ ಎಲ್ಲಕ್ಕಿಂತ ಹತ್ತಿರವಾದದ್ದು ಫ್ಯಾಂಗಾರ್ನ್ ಕಾಡಿನ ಅಧ್ಯಾಯ. ಅಲ್ಲಿ ಟ್ರೀಬಿಯರ್ಡ್ ಇದ್ದಾನೆ. ಎಂಟ್ ಎಂಬ ಜಾತಿಯವನು, ಮರಗಳನ್ನು ಕಾಯುವವನು, ನೋಡುವುದಕ್ಕೂ ಮರದ ಹಾಗೇ. ಅವನ ಭಾಷೆಯಲ್ಲಿ ಒಂದು ಮಾತು ಹೇಳುವುದಕ್ಕೂ ತುಂಬಾ ಹೊತ್ತು ಬೇಕು. ಅಷ್ಟು ಹೊತ್ತು ತೆಗೆದುಕೊಳ್ಳುವಷ್ಟು ಮುಖ್ಯ ಅಲ್ಲದ್ದನ್ನು ಅವರು ಹೇಳುವುದೇ ಇಲ್ಲ. ನೀನು ಯಾರ ಕಡೆ ಅನ್ನುವ ಮಾತು ಬಂದಾಗ ಅವನು ಕೊಡುವ ಉತ್ತರ ಕೇಳು. ನಾನು ಪೂರ್ತಿಯಾಗಿ ಯಾರ ಕಡೆಯೂ ಅಲ್ಲ, ಯಾಕಂದರೆ ಪೂರ್ತಿಯಾಗಿ ನನ್ನ ಕಡೆ ಯಾರೂ ಇಲ್ಲ. ಕಾಡಿನ ಬಗ್ಗೆ ನನಗಿರುವ ಅಕ್ಕರೆ ಈಗ ಯಾರಿಗೂ, ಎಲ್ಫ್ ಎಂಬ ಜಾತಿಯವರಿಗೂ ಇಲ್ಲ ಅಂತ ಬೇಸರ ಮಾಡಿಕೊಳ್ಳುತ್ತಾನೆ. ಒಳ್ಳೆಯವರು ಕೆಟ್ಟವರು ಅಂತ ಇಬ್ಬರು ಹೊಡೆದಾಡುವ ಕಥೆಯ ನಡುವೆ ಕಾಡು ಎದ್ದು ನಿಂತು, ನಿಮ್ಮ ಜಗಳದಲ್ಲಿ ನನ್ನ ಮಾತು ಯಾರು ಕೇಳಿದಿರಿ ಅಂತ ಕೇಳಿದ ಹಾಗಿದೆ.

ಆಮೇಲೆ ಅವನು ಸಾರುಮಾನ್ ಎಂಬ ಕೆಟ್ಟ ಮಾಂತ್ರಿಕನ ಬಗ್ಗೆ ಹೇಳುತ್ತಾನೆ. ಲೋಹ ಮತ್ತು ಚಕ್ರಗಳ ಮನಸ್ಸಿನವನು, ಬೆಳೆಯುವ ಜೀವಗಳ ಮೇಲೆ ಅಕ್ಕರೆ ಇಲ್ಲದವನು, ಆ ಹೊತ್ತಿಗೆ ಕೆಲಸಕ್ಕೆ ಬಂದರೆ ಮಾತ್ರ ಅವಕ್ಕೆ ಬೆಲೆ ಕೊಡುವವನು. ಇಲ್ಲೂ ಉಪಯೋಗದ್ದೇ ಮಾತು. ಅವನ ಆಳುಗಳು ಕಡಿದ ಮರಗಳಲ್ಲಿ ಬಹಳಷ್ಟು ಅವನ ಕುಲುಮೆಗೆ ಹೋಗುತ್ತವೆ. ಕೆಲವನ್ನು ಮಾತ್ರ ಸುಮ್ಮನೆ ಕಡಿದು ಕೊಳೆಯುವುದಕ್ಕೆ ಬಿಡುತ್ತಾರೆ. ಟ್ರೀಬಿಯರ್ಡ್‌ಗೆ ಸಂಕಟ ಆಗುವುದು ಆ ಮರಗಳಲ್ಲಿ ಎಷ್ಟೋ ಅವನ ಸ್ನೇಹಿತರು ಅನ್ನುವುದಕ್ಕೆ. ಬೀಜ ಇದ್ದಾಗಿನಿಂದ ಅವನಿಗೆ ಗೊತ್ತಿದ್ದವು.

ಈ "ಸುಮ್ಮನೆ ಕಡಿದು ಬಿಟ್ಟರು" ಅನ್ನುವುದು ಎಲ್ಲಿಂದ ಬಂತು ಅಂತ ನನಗೆ ಒಂದು ಊಹೆ ಇದೆ. ಟೋಲ್ಕಿನ್ ನಾಲ್ಕು ವರ್ಷದವರಿದ್ದಾಗ, 1896ರಲ್ಲಿ, ಅವರ ತಾಯಿ ಮಕ್ಕಳನ್ನು ಕರೆದುಕೊಂಡು ಬರ್ಮಿಂಗ್‌ಹ್ಯಾಮ್ ಹತ್ತಿರದ ಸೇರ್‌ಹೋಲ್ ಎಂಬ ಹಳ್ಳಿಗೆ ಬಂದರು. ಅಲ್ಲಿ ಒಂದು ಹಿಟ್ಟಿನ ಗಿರಣಿ, ಅದರ ಕೊಳದ ಮೇಲೆ ಬಾಗಿದ ಒಂದು ವಿಲೋ ಮರ. ಹುಡುಗ ಅದನ್ನು ಹತ್ತುವುದು ಕಲಿತ. ಒಂದು ದಿನ ಅದನ್ನು ಕಡಿದರು. ಕಡಿದು ಏನೂ ಮಾಡಲಿಲ್ಲ, ದಿಮ್ಮಿ ಅಲ್ಲೇ ಬಿದ್ದಿತ್ತು. ಮುದುಕರಾದ ಮೇಲೂ ಟೋಲ್ಕಿನ್ ಇದನ್ನು ಹೇಳಿಕೊಂಡು, ನಾನು ಅದನ್ನು ಮರೆಯಲೇ ಇಲ್ಲ ಅಂದಿದ್ದರು. 1972ರಲ್ಲಿ, ಸಾಯುವುದಕ್ಕೆ ಒಂದು ವರ್ಷ ಮೊದಲು, ಪತ್ರಿಕೆಯೊಂದಕ್ಕೆ ಪತ್ರ ಬರೆದು ತಮ್ಮ ಎಲ್ಲ ಬರಹಗಳಲ್ಲೂ ತಾವು ಮರಗಳ ಪಕ್ಷ, ಅವುಗಳ ಶತ್ರುಗಳ ವಿರುದ್ಧ ಅಂತ ಹೇಳಿದರು. ಒಬ್ಬ ಚಿಕ್ಕ ಹುಡುಗ ಹತ್ತಿದ ಒಂದು ಮರ ಎಲ್ಲಿಯವರೆಗೆ ಬಂತು ನೋಡು.

ನಮ್ಮಲ್ಲೂ ಇಂಥ ಕಥೆ ಇದೆಯಲ್ಲ, ಹೂವಿನ ಗಿಡವಾಗುವ ಹುಡುಗಿಯದು? ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕಥೆ. ಬಡತನ. ತಾಯಿಗೆ ನೆರವಾಗಬೇಕು ಅಂತ ಹುಡುಗಿ ಅಕ್ಕನಿಂದ ಎರಡು ಕೊಡ ನೀರು ತರಿಸುತ್ತಾಳೆ, ಉಗುರು ಸೋಕದ ಹಾಗೆ. ಒಂದು ಕೊಡ ಸುರಿದರೆ ಮರವಾಗುತ್ತಾಳೆ, ಇನ್ನೊಂದು ಸುರಿದರೆ ಮತ್ತೆ ಹುಡುಗಿ. ಹೂವು ಎಷ್ಟು ಬೇಕಾದರೂ ಕೀಳು, ಆದರೆ ಚಿಗುರು ಮುರಿಯಬೇಡ, ಎಲೆ ಹರಿಯಬೇಡ ಅಂತ ಕೇಳಿಕೊಳ್ಳುತ್ತಾಳೆ. ಅಕ್ಕ ಹಾಗೇ ಮಾಡುತ್ತಾಳೆ. ಮದುವೆಯಾದ ಮೇಲೆ ನಾದಿನಿ ಮತ್ತು ಅವಳ ಗೆಳತಿಯರು ಹಾಗೆ ಮಾಡುವುದಿಲ್ಲ. ಸಿಕ್ಕಿದ್ದನ್ನೆಲ್ಲ ಕಿತ್ತು, ಕೊಂಬೆ ಮುರಿದು, ನೀರನ್ನು ಹೇಗೋ ಚೆಲ್ಲಿ ಹೊರಟುಹೋಗುತ್ತಾರೆ. ಹುಡುಗಿ ಕೈಕಾಲಿಲ್ಲದ ಒಂದು ಮುದ್ದೆಯಾಗಿ ಉಳಿಯುತ್ತಾಳೆ. ಚಿಕ್ಕಂದಿನಲ್ಲಿ ಈ ಕಥೆ ಕೇಳಿ ನನಗೆ ಭಯ ಆಗಿತ್ತು. ಈಗ ಅನ್ನಿಸುತ್ತದೆ, ಇದರಲ್ಲಿ ಹೂವು ಕೀಳಬೇಡ ಅಂತ ಎಲ್ಲೂ ಇಲ್ಲ. ಅಕ್ಕನೂ ಕಿತ್ತಳು, ಮಾರಿದಳು. ಕೀಳುವಾಗ ಅದು ತಂಗಿ ಅಂತ ಅವಳಿಗೆ ಗೊತ್ತಿತ್ತು, ಅಷ್ಟೇ ವ್ಯತ್ಯಾಸ.

ಎಲ್ಲ ಫ್ಯಾಂಟಸಿಯೂ ಇಷ್ಟು ಚೆನ್ನಾಗಿ ಮಾಡುತ್ತದೆ ಅಂತ ನಾನು ಹೇಳುತ್ತಿಲ್ಲ. ಹಸಿರು ಅಂದರೆ ಒಳ್ಳೆಯದು, ಹೊಗೆ ಅಂದರೆ ಕೆಟ್ಟದ್ದು ಅಂತ ಬಣ್ಣ ಹಚ್ಚಿ ಮುಗಿಸುವ ಪುಸ್ತಕಗಳು ಎಷ್ಟೋ ಇವೆ. ಅವು ನನಗೆ ಬೇಡ. ಅಲ್ಲಿ ಕಾಡು ಪರದೆಯ ಮೇಲಿನ ಚಿತ್ರ. ನಾಯಕ ಅದರ ಮುಂದೆ ಕತ್ತಿ ಬೀಸುತ್ತಾನೆ, ಅಷ್ಟೇ.

ಇದಕ್ಕೆ ತದ್ವಿರುದ್ಧವಾದದ್ದು ಬೇಕಾದರೆ ಜಪಾನಿನ ಹಯಾವೊ ಮಿಯಾಜಾಕಿ ಅವರ ನೌಸಿಕಾ ಓದು. ಸಿನಿಮಾ 1984ರದ್ದು, ಆದರೆ ಅವರು ಕಾಮಿಕ್ಸ್ ಪುಸ್ತಕವಾಗಿ ಅದನ್ನು 1982ರಿಂದ 1994ರವರೆಗೆ ಬರೆದರು. ಅದರಲ್ಲಿ ಕಾಡು ವಿಷದ್ದು. ಬೂಷ್ಟಿನ ಮರಗಳು, ಉಸಿರೆಳೆದರೆ ಸಾವು, ಒಳಗೆ ದೈತ್ಯ ಹುಳುಗಳು. ಎಲ್ಲರೂ ಅದನ್ನು ಸುಡಬೇಕು ಅನ್ನುತ್ತಾರೆ. ನೌಸಿಕಾ ಅನ್ನುವ ಹುಡುಗಿ ಆ ಕಾಡಿನ ಬೀಜಗಳನ್ನು ಕದ್ದುಮುಚ್ಚಿ ತಂದು ನೆಲಮಾಳಿಗೆಯಲ್ಲಿ ಶುದ್ಧವಾದ ಮಣ್ಣು, ಆಳದ ಬಾವಿ ನೀರು ಕೊಟ್ಟು ಬೆಳೆಸುತ್ತಾಳೆ. ಅವು ವಿಷ ಕಾರುವುದೇ ಇಲ್ಲ. ವಿಷ ಇದ್ದದ್ದು ನೆಲದಲ್ಲಿ, ಮನುಷ್ಯರು ಹಾಕಿದ್ದು. ಪಾದರಸದಿಂದ ಹಾಳಾದ ಜಪಾನಿನ ಮಿನಮಾಟಾ ಕೊಲ್ಲಿ ಈ ಕಥೆಯ ಹಿಂದಿದೆ ಅಂತ ಮಿಯಾಜಾಕಿ ಅವರೇ ಹೇಳಿದ್ದಾರೆ. ಜನ ಅಲ್ಲಿ ಮೀನು ಹಿಡಿಯುವುದು ನಿಲ್ಲಿಸಿದ ಮೇಲೆ ಮೀನುಗಳು ತಿರುಗಿ ಬಂದವು. ನಮಗೆ ಅಸಹ್ಯ ಅನ್ನಿಸುವ, ನಮ್ಮನ್ನು ಕೊಲ್ಲಬಲ್ಲ ಕಾಡನ್ನೂ ಬಗ್ಗಿ ನೋಡಿದವಳು ನೌಸಿಕಾ. ಚೆಂದದ ಕಾಡನ್ನು ಪ್ರೀತಿಸುವುದು ಸುಲಭ ಕಣೋ.

ಇನ್ನೊಂದನ್ನು ಹೇಳದೇ ಇರಲಾರೆ. ಮೆಸೊಪೊಟೇಮಿಯಾದ ರಾಜ ಗಿಲ್ಗಮೇಶನ ಕಥೆ ಗೊತ್ತಲ್ಲ, ಮೂರು ಸಾವಿರ ವರ್ಷಕ್ಕೂ ಹಳೆಯದು. ಗಿಲ್ಗಮೇಶ ಮತ್ತು ಅವನ ಗೆಳೆಯ ಎಂಕಿಡು ದೇವದಾರು ಕಾಡಿಗೆ ಹೋಗಿ ಅದರ ಕಾವಲುಗಾರ ಹುಂಬಾಬನನ್ನು ಕೊಂದು ಮರ ಕಡಿಯುತ್ತಾರೆ. ಬಹಳ ಕಾಲ ಇದನ್ನು ಸಾಹಸ ಅಂತಲೇ ಓದಿದರು. 2011ರಲ್ಲಿ ಇರಾಕಿನ ಸುಲೈಮಾನಿಯಾ ವಸ್ತುಸಂಗ್ರಹಾಲಯ ಒಂದು ಮಣ್ಣಿನ ಹಲಗೆ ಕೊಂಡುಕೊಂಡಿತು. 2014ರಲ್ಲಿ ಅದರಲ್ಲಿದ್ದದ್ದು ಪ್ರಕಟವಾಯಿತು. ಮೊದಲು ಸಿಗದೇ ಇದ್ದ ಸಾಲುಗಳು ಅಲ್ಲಿದ್ದವು. ಕಾಡಿನಲ್ಲಿ ಹಕ್ಕಿ, ಜೀರುಂಡೆ, ಕೋತಿಗಳು ದಿನಾ ಹುಂಬಾಬನಿಗಾಗಿ ಸಂಗೀತದ ಹಾಗೆ ಕೂಗುತ್ತಿದ್ದವಂತೆ. ಎಲ್ಲ ಮುಗಿದ ಮೇಲೆ ಎಂಕಿಡು ಗೆಳೆಯನಿಗೆ ಹೇಳುತ್ತಾನೆ: ಕಾಡನ್ನು ನಾವು ಪಾಳು ಮಾಡಿಬಿಟ್ಟೆವು, ದೇವರಿಗೆ ಏನಂತ ಉತ್ತರ ಕೊಡುವುದು? ಅಷ್ಟು ಹಿಂದೆಯೇ ಒಬ್ಬ ಗೆಳೆಯ ಇನ್ನೊಬ್ಬನಿಗೆ ಈ ಮಾತು ಹೇಳಿದ್ದ. ಆ ಹಲಗೆ ಮಣ್ಣಲ್ಲಿ ಹೂತುಹೋಗಿತ್ತು.

ಈ ಕಥೆಗಳು ಒಂದು ಮರವನ್ನೂ ಉಳಿಸಲಿಲ್ಲ ಅಂತ ನೀನು ಹೇಳಬಹುದು. ನನ್ನ ಕಿಟಕಿಯ ಮರವನ್ನಂತೂ ಉಳಿಸಲಿಲ್ಲ. ನಾನು ಎದ್ದು ಹೋಗಿ ಕೇಳಬಹುದಿತ್ತು, ಕೇಳಲಿಲ್ಲ. ಅದು ನನ್ನ ತಪ್ಪು, ಪುಸ್ತಕದ್ದಲ್ಲ. ಟೋಲ್ಕಿನ್ ಕಥೆಯ ಕೊನೆಯಲ್ಲಿ ಸ್ಯಾಮ್ ಎಂಬ ತೋಟಗಾರ ಊರಿಗೆ ಬಂದಾಗ ಅಲ್ಲಿನ ಎಷ್ಟೋ ಮರಗಳು ನೆಲಕ್ಕುರುಳಿರುತ್ತವೆ. ಅವನ ಹತ್ತಿರ ಎಲ್ಫ್‌ಗಳ ಒಡತಿ ಗಲಾಡ್ರಿಯೆಲ್ ತನ್ನ ತೋಟದಿಂದ ಕೊಟ್ಟ ಒಂದು ಪುಟ್ಟ ಪೆಟ್ಟಿಗೆ ಮಣ್ಣು ಇದೆ. ಮೊದಲು ನಿನ್ನ ಬುದ್ಧಿ, ನಿನಗೆ ಗೊತ್ತಿರುವ ಕೆಲಸ ಎಲ್ಲ ಬಳಸು, ಆಮೇಲೆ ಆ ಮಣ್ಣನ್ನು ನೆರವಿಗೆ ತಗೋ, ಅದೂ ಸ್ವಲ್ಪಸ್ವಲ್ಪ ಅನ್ನುತ್ತಾನೆ ಅವನ ಒಡೆಯ ಫ್ರೋಡೋ. ಸ್ಯಾಮ್ ಸಸಿ ನೆಡುತ್ತಾ ಹೋಗುತ್ತಾನೆ, ಒಂದೊಂದರ ಬುಡಕ್ಕೂ ಒಂದೊಂದು ಕಣ. ಬರೀ ಮಾಯದ ಮಣ್ಣಿನಿಂದ ಕಾಡು ಬರುವುದಿಲ್ಲ ಅಂತ ಆ ಕಥೆಗೇ ಗೊತ್ತು.

ಅರ್ಥ್‌ಸೀ ಪುಸ್ತಕವನ್ನು ನಿನಗೆ ಕಳಿಸುತ್ತಿದ್ದೇನೆ. ಎರಡನೇ ಅಧ್ಯಾಯದ ಹತ್ತಿರ ಒಂದು ಒಣ ಎಲೆ ಸಿಗುತ್ತದೆ. ಹಿಂದೆ ಯಾವಾಗಲೋ ಗುರುತಿಗೆ ಅಂತ ಕಿಟಕಿಯಿಂದ ಕೈ ಚಾಚಿ ಕಿತ್ತದ್ದಿರಬೇಕು, ಆ ರಾತ್ರಿ ಪುಟ ತಿರುವುವಾಗ ಕಂಡಿತು. ಅಂಚು ಸಣ್ಣ ಗರಗಸದ ಹಾಗಿದೆ, ಹಿಂಬದಿ ಕೈಯಾಡಿಸಿದರೆ ಮೆತ್ತಗೆ ರೋಮ. ಹುಷಾರಾಗಿ ತೆಗೆದು ನೋಡು. ಅದು ಯಾವ ಮರದ್ದು ಅಂತ ನಿನಗಾಗಲಿ, ನಿನ್ನ ಪರಿಚಯದವರಿಗಾಗಲಿ ಗೊತ್ತಾದರೆ ನನಗೆ ಬರೆ.

ನಿನ್ನ ಗೆಳೆಯ